ಲವಣ ಪರೀಕ್ಷೆ

ನಮ್ಮ ಕಾರವಾರದ ಕಾಲೇಜಿಗೆ ಈಗ ವಿಶ್ವವಿದ್ಯಾಲಯವೆಂದು ಹೆಸರು.
ಬೋರ್ಡು ಬದಲಾದ ದಿನ ಕ್ರೇನು ಬಂದಿತ್ತು.
ಹಳೇ ಅಕ್ಷರಗಳನ್ನು ಗೋಣಿಗೆ ತುಂಬಿ
ನನ್ನ ಕೋಣೆಯಲ್ಲಿಡಲು ಹೇಳಿದರು.
ಎಣಿಸಿದೆ. 'ಸಂತ'ದ ಸೊನ್ನೆಯೊಂದು ಸಿಗಲಿಲ್ಲ.

ಗೇಟಿನ ಕಮಾನಿನ ಲ್ಯಾಟಿನ್ ಸಾಲು ಮಾತ್ರ ಹಾಗೇ ಇದೆ.
ಅದರಲ್ಲೊಂದು ಪದ ಉಪ್ಪು ಅಂತೆ;
ಮೊದಲ ದಿನವೇ ಫಾದರ್ ರೆಬೆಲ್ಲೊ ಕೊಡೆಯ ತುದಿಯಲ್ಲಿ ತೋರಿಸಿದ್ದರು.
ನಾನು ಬುಧವಂತ ಬೊಮ್ಮ ಆಗೇರ,
ಸಾಣಿಕಟ್ಟೆಯ ಆಗರದಲ್ಲಿ ಕೆಸರು ತುಳಿದು
ಅಂಗಾಲು ಸುಲಿಸಿಕೊಂಡ ಹುಡುಗ.
ಮಳೆಗೆ ಕರಗದ ಉಪ್ಪು ಇದೊಂದೇ ನೋಡಿದ್ದು, ಅಂದೆ.
ನಕ್ಕರು. ಕೆಲಸ ಕೊಟ್ಟರು.

ಆಗ ಕಾಳಿಗೆ ಸೇತುವೆ ಇರಲಿಲ್ಲ.
ಸದಾಶಿವಗಡದ ಕಡೆಯಿಂದ ತಾರಿಯಲ್ಲಿ
ತೊಡೆಯ ಮೇಲೆ ಬ್ಯೂರೆಟ್ಟು ಇಟ್ಟುಕೊಂಡು ಬರುತ್ತಿದ್ದರು ಫಾದರು.
ನಾರಿನ ಗೋದಾಮು ಲ್ಯಾಬಾಯಿತು:
ಹದಿನೇಳು ಹುಡುಗರು, ಒಂದು ತಕ್ಕಡಿ,
ಜಂತಿಯಲ್ಲಿ ಫೀಸು ಕೊಡದ ಬಾವಲಿಗಳು.

ಬಿಳಿ ಪುಡಿಗಳನ್ನು ಪೊಟ್ಟಣ ಕಟ್ಟಿ
ಹೆಸರು ಬರೆಯದೆ ಮಕ್ಕಳ ಮುಂದಿಡುವುದು ನನ್ನ ಕೆಲಸ.
ಹೆಸರು ಅವರು ಹೇಳಬೇಕು. ರುಚಿ ನೋಡಕೂಡದು.
ಅವ್ವಿ ಕೇಳುತ್ತಿದ್ದಳು:
'ನೆಕ್ಕದೇ ಉಪ್ಪು ಗುರುತಿಸೂ ವಿದ್ಯೆಗೆ ಸಂಬಳ ಬೇರೆ ಕೊಡ್ತ್ರೋ?'

ಚರ್ಚಿನಲ್ಲಿ ನಾನು ಮಂಡಿಯೂರಿದವನಲ್ಲ.
ಆದರೆ ಪೂಜೆಯ ನಿಲುವಂಗಿಗಳನ್ನು ಮಡಿವಾಳನಿಗೆ ಎಣಿಸಿಕೊಟ್ಟವನು.
ಹಾಗಾಗಿ ಬರ್ನರಿನ ಮುಂದೆ ನನಗೆ ಹೊಳೆಯುತ್ತಿತ್ತು:
ಪೊಟ್ಯಾಸಿಯಂ ತಪಸ್ಸುಕಾಲದ ನೇರಳೆ,
ಸ್ಟ್ರಾನ್ಷಿಯಂ ಹುತಾತ್ಮರ ಹಬ್ಬದ ಕೆಂಪು,
ಬೇರಿಯಂ ಹಸಿರು,
ಯಾವ ಹಬ್ಬವೂ ಇಲ್ಲದ ಭಾನುವಾರದ್ದು.

ಕೊಳೆತ ಮೊಟ್ಟೆಯ ಗ್ಯಾಸು ಬಿಟ್ಟ ದಿನ
ಇಡೀ ಹಾಸ್ಟೆಲು ಮೂಗು ಮುಚ್ಚುತ್ತಿತ್ತು,
ಒಣಮೀನಿನ ಮನೆಗಳಿಂದ ಬಂದ ಹರಿಕಂತ್ರ ಹುಡುಗಿಯರ ಹೊರತು.
ಅರ್ಗಾದ ಹುಡುಗರು ರಿಜಿಸ್ಟರಿನಲ್ಲಿ ಊರು ಬರೆಯುವಾಗ
ಪೆನ್ನು ತಡೆದು ನನ್ನ ಮುಖ ನೋಡುತ್ತಿದ್ದರು.
ನೌಕಾನೆಲೆಯ ಗೋಡೆಯಾಚೆ ಹೋದ ಊರನ್ನು
ಬರೆಯಬಹುದೋ ಇಲ್ಲವೋ.
ಬರಿ ಮಗಾ, ಅನ್ನುತ್ತಿದ್ದೆ. ಜಾಗ ಇದೆ.

ತೊಂಬತ್ತೇಳರ ಮಾರ್ಚು. ಧಾರವಾಡದ ಪರೀಕ್ಷಕರು.
ಹಳಿಯಾಳದ ಕಾಡಿನಿಂದ ಬಂದ ನತಾಲಿನ್ ಬಸ್ತ್ಯಾಂವ್ ಸಿದ್ದಿಗೆ
ನಾನೇ ಕಟ್ಟಿದ ಬೇರಿಯಂ ಪೊಟ್ಟಣ.
ಮೂರು ಸಲ ತಂತಿ ಹಿಡಿದಳು, ಮೂರು ಸಲವೂ ಹಳದಿ.
ಬೆವರಿನ ಒಂದು ಹನಿ ಸಾಕು, ಕಡಲ ಗಾಳಿ ಸಾಕು,
ಸೋಡಿಯಂ ಉಳಿದೆಲ್ಲ ಬಣ್ಣವನ್ನೂ ಮುಚ್ಚಿಬಿಡುತ್ತದೆ.
ನಮ್ಮ ಆಗರದ ಉಪ್ಪೇ ಅವಳ ಬೆಂಕಿಗೆ ಬಿದ್ದಂತೆ ನಾಚಿದೆ.
ತಲೆಯೆತ್ತಿ ನೋಡಿದಳು.
ಹೆಗಲ ಮೇಲಿನ ಹಸಿರು ಟವೆಲನ್ನು
ಅವಳ ಸಿಂಕಿನ ಅಂಚಿಗೆ ಹಾಕಿ ಮುಂದೆ ಹೋದೆ.
ಬಾಗಿಲಲ್ಲಿದ್ದ ಫಾದರು ಕಿಟಕಿಯತ್ತ ತಿರುಗಿದರು.

ಪಾಪನಿವೇದನೆ ಅವರ ಮಂದಿಗೆ. ನನಗೆಲ್ಲಿಯದು?
ಒಮ್ಮೆ ಬಾಯಿ ತೆರೆದೆ;
ಸೋರುವ ನಲ್ಲಿಯ ಮಾತು ತೆಗೆದರು.
ಅವರನ್ನು ಮಣ್ಣು ಮಾಡಿದ ದಿನವೂ
ಒಂದು ಹಿಡಿ ಹಾಕುವಾಗ
ಅದೇ ನಾಲಿಗೆಯ ತುದಿಗೆ ಬಂದಿತ್ತು.

ಹೋದ ವಾರ ಅವಳು ಬಂದಿದ್ದಳು, ಮಗಳ ಅಡ್ಮಿಶನ್ನಿಗೆ.
ದಾಂಡೇಲಿಯಲ್ಲಿ ಟೀಚರು. ಕನ್ನಡಕ.
ತಿಂಗಳ ಕೊನೆಗೆ ನನ್ನ ನಿವೃತ್ತಿ;
ಹೊಸ ಲ್ಯಾಬಿನಲ್ಲಿ ಜ್ವಾಲೆಯೂ ಪರದೆಯ ಮೇಲೆ.
ಇನ್ನೇನು ತಡೆಯುವುದು ಅಂತ ಹೇಳಿಬಿಟ್ಟೆ.

ನತಾಲಿನ್ ಎಷ್ಟು ನಕ್ಕಳೆಂದರೆ ಗುಮಾಸ್ತ ಇಣುಕಿದ.
'ಬುಧವಂತಣ್ಣಾ, ಬೇರಿಯಂ ಅಂತ ಆಗಲೇ ಬರೆದಾಗಿತ್ತು!
ಸಲ್ಫ್ಯೂರಿಕ್ ಬಿದ್ದೊಡನೆ ನಳಿಕೆಯ ತಳದಲ್ಲಿ ಬಿಳಿ ಕೂತಿತ್ತಲ್ಲ.
ಅಮೋನಿಯಾಕ್ಕೆ ಕಣ್ಣು ಉರಿದು ತಲೆ ಎತ್ತಿದೆ.
ಮುಖ ಒರೆಸಲಿಕ್ಕೆ ಕೊಟ್ಟಿರೆಂದುಕೊಂಡೆ.
ಒರೆಸಿದೆ. ಟವೆಲು ವಾಪಸು ಕೊಡಲಿಲ್ಲ, ಅದೊಂದು ತಪ್ಪು.'

ಹಾಗಾದರೆ ಇಷ್ಟು ವರ್ಷ ಹೊತ್ತದ್ದು ಏನನ್ನು?
ಫಾದರು ಕ್ಷಮಿಸಿದರು ಅಂದುಕೊಂಡದ್ದು?

ಆ ಹೊತ್ತಿಗೆ ಕಿಟಕಿಯಾಚೆ
ನಿಜಕ್ಕೂ ಒಂದು ದೋಣಿ ಬಂದಿತ್ತೇನೋ.